ಎದೆಯ ಮಷೀನು, ಶೆಡ್ಡಿನ ಮಷೀನು

ನನ್ನ ಗಂಡ ಮೊದಲ ಸಲ ಬಿದ್ದದ್ದು ಒಂದು ಹೌಸಿಂಗ್ ಸೊಸೈಟಿಯ ಗೇಟಿನ ಮುಂದೆ. ಹೊಸ ಗೇಟಿಗೆ ಅಳತೆ ತೆಗೆದುಕೊಳ್ಳಲು ನಾವಿಬ್ಬರೂ ಹೋಗಿದ್ದೆವು. ಟೇಪಿನ ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿ ಅವರ ಕೈಯಲ್ಲಿ. ಟೇಪು ಸಡಿಲವಾಯಿತಲ್ಲ ಎಂದು ತಲೆಯೆತ್ತಿ ನೋಡಿದರೆ ಅವರು ನೆಲದ ಮೇಲಿದ್ದರು. ವಾಚ್‌ಮನ್ ಓಡಿ ಬಂದು ಮುಖಕ್ಕೆ ನೀರು ಹೊಡೆದ. ಕಣ್ಣು ಬಿಟ್ಟವರೇ ನನಗೆ ಕೇಳಿದ್ದು, "ಅಳತಿ ಬರಕೊಂಡೀಯೇನ?"

ಬಿಸಿಲಿಗೆ ಹೀಗಾಯಿತು ಎಂದುಕೊಂಡೆ. ಆದರೆ ರಿಕ್ಷಾದಲ್ಲಿ ಅವರ ಮಣಿಕಟ್ಟು ಹಿಡಿದು ಕೂತಾಗ ನನ್ನ ಕೈಗೆ ನಾಡಿಯೇ ಸಿಗಲಿಲ್ಲ. ಸಿಕ್ಕಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಇಲ್ಲ. ಆಸ್ಪತ್ರೆಯ ಡಾಕ್ಟರು ಮರಾಠಿಯ ಹೆಣ್ಣುಮಗಳು, ನನ್ನ ವಯಸ್ಸಿನವರೇ. ಹೃದಯದೊಳಗೂ ಕರೆಂಟು ಹರಿಯುತ್ತದೆ, ಅದು ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯಬೇಕು, ಇವರಿಗೆ ಇಳಿಯುತ್ತಿಲ್ಲ ಎಂದು ಹೇಳಿದರು. ಪೇಸ್‌ಮೇಕರ್ ಹಾಕಲೇಬೇಕು, ಬೇರೆ ದಾರಿ ಇಲ್ಲ. ನಾನು ಸಹಿ ಮಾಡಿದೆ. ಎಡಗಡೆ ಭುಜದ ಕೆಳಗೆ, ಚರ್ಮದ ಅಡಿಯಲ್ಲಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ಚಪ್ಪಟೆಯಾದ ಒಂದು ಡಬ್ಬಿ ಇಟ್ಟು ಹೊಲಿದರು.

ಮನೆಗೆ ಕಳಿಸುವ ದಿನ ಆ ಡಾಕ್ಟರು ಏನು ಮಾಡಬೇಕು, ಏನು ಮಾಡಬಾರದು ಎಂದೆಲ್ಲ ಹೇಳುತ್ತ, ಇವರ ಕಡೆ ನೋಡಿ, "ಕಾಕಾ ಏನು ಕೆಲಸ ಮಾಡುತ್ತಾರೆ?" ಎಂದು ಕೇಳಿದರು.

"ವೆಲ್ಡಿಂಗ್," ಎಂದೆ ನಾನು.

ಅವರು ಬರೆಯುವುದನ್ನು ನಿಲ್ಲಿಸಿದರು.

ನಮ್ಮದು ಪಿಂಪ್ರಿ-ಚಿಂಚವಾಡದ ಒಂದು ಗಲ್ಲಿಯಲ್ಲಿ ತಗಡಿನ ಶೆಡ್ಡು. ಹಿಂದುಗಡೆ ಎರಡು ಕೋಣೆಯ ಮನೆ. ವಿಜಯಪುರದ ಕಡೆಯಿಂದ ಬಂದವರು ಇವರು. ಮೊದಲು ಒಂದು ಗಾಡಿ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದು ಆಮೇಲೆ ಸ್ವಂತ ಶೆಡ್ಡು ಹಾಕಿದರು. ಗ್ರಿಲ್ಲು, ಗೇಟು, ಮೆಟ್ಟಿಲಿನ ರೇಲಿಂಗು, ಹೋಟೆಲಿನ ಸ್ಟ್ಯಾಂಡು. ನಮಗೆ ಮಕ್ಕಳಿಲ್ಲ. ಮನೆಯಲ್ಲೂ ಶೆಡ್ಡಿನಲ್ಲೂ ನಾವಿಬ್ಬರೇ. ನಾನು ಕಬ್ಬಿಣ ಹಿಡಿಯುತ್ತಿದ್ದೆ, ಗ್ರೈಂಡರ್ ಹೊಡೆಯುತ್ತಿದ್ದೆ, ಬಣ್ಣ ಬಳಿಯುತ್ತಿದ್ದೆ. ಬೆಸೆಯುವ ಕೆಲಸ ಮಾತ್ರ ಅವರದ್ದು. ಅದನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಡಾಕ್ಟರು ಒಂದು ಹಾಳೆಯ ಮೇಲೆ ಚಿತ್ರ ಬಿಡಿಸಿ ತೋರಿಸಿದರು. ವೆಲ್ಡಿಂಗ್ ಕೇಬಲಿನಲ್ಲಿ ಕರೆಂಟು ಹರಿಯುವಾಗ ಅದರ ಸುತ್ತ ಗಾಳಿಯಲ್ಲೂ ಅದರ ಪ್ರಭಾವ ಹರಡಿಕೊಳ್ಳುತ್ತದೆ. ಎದೆಯ ಡಬ್ಬಿ ಸದಾ ಹೃದಯದ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತದೆ. ಹೃದಯ ತಾನೇ ಬಡಿದರೆ ಸುಮ್ಮನಿರುತ್ತದೆ, ಬಡಿಯದಿದ್ದರೆ ತಾನು ಬಡಿಸುತ್ತದೆ. ಕಿಡಿ ಹೊತ್ತಿದಾಗ ಎದ್ದ ಗದ್ದಲವನ್ನೇ ಅದು ಹೃದಯದ ಬಡಿತ ಎಂದು ತಿಳಿದುಬಿಡಬಹುದು.

"ಆಗ?" ಎಂದೆ.

"ಆಗ ಡಬ್ಬಿ ಸುಮ್ಮನಾಗುತ್ತದೆ. ಹೃದಯವೂ ಸುಮ್ಮನಿರುತ್ತದೆ."

ಕೆಲವರು ಕಡಿಮೆ ಕರೆಂಟಿನಲ್ಲಿ, ಜಾಗರೂಕತೆಯಿಂದ ವೆಲ್ಡಿಂಗ್ ಮಾಡಿಕೊಂಡಿದ್ದಾರಂತೆ. ಅವರ ಹೃದಯ ಸ್ವಲ್ಪವಾದರೂ ತಾನೇ ಬಡಿಯುತ್ತದೆ. ಇವರದ್ದು ಹಾಗಲ್ಲ, ಡಬ್ಬಿ ನಿಂತರೆ ಎಲ್ಲ ನಿಂತಂತೆ. "ಕಾಕಾ, ವೆಲ್ಡಿಂಗ್ ಹೋಲ್ಡರ್ ಹಿಡಿಯುವುದು ಇನ್ನು ಮುಗಿಯಿತು," ಎಂದರು ಡಾಕ್ಟರು. ಇವರು ಎದ್ದರು. ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಆಮೇಲಿನ ದಿನಗಳೆಲ್ಲ ಒಂದೇ ಥರ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಕೆಲಸದ ಪ್ಯಾಂಟು ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂಡುತ್ತಿದ್ದರು. ಒಳಗೆ ಮಷೀನು ಬಂದ್. ಗಲ್ಲಿಯಲ್ಲಿ ಬೇರೆಯವರ ಶೆಡ್ಡಿನಿಂದ ವೆಲ್ಡಿಂಗಿನ ಚರಚರ ಸದ್ದು ಬಂದರೆ ತಲೆ ಆ ಕಡೆ ತಿರುಗುತ್ತಿತ್ತು. ಊಟಕ್ಕೆ ಕರೆದರೆ "ನೀ ಉಣ್ಣು" ಅನ್ನುತ್ತಿದ್ದರು. ಒಬ್ಬ ವೆಲ್ಡರನ್ನು ಕೆಲಸಕ್ಕೆ ಇಟ್ಟುಕೊಂಡೆವು. ಆತ ಹಚ್ಚಿದ ಒಂದೊಂದು ಬೆಸುಗೆಯನ್ನೂ ಇವರು ಬಾಗಿಲಲ್ಲೇ ಕೂತು ಬೈದು ಬೈದು ಒಂದೇ ವಾರದಲ್ಲಿ ಆತನನ್ನು ಓಡಿಸಿಬಿಟ್ಟರು. ಎರಡನೆಯವನು ಮಧ್ಯಾಹ್ನದ ಚಹಾಕ್ಕೆಂದು ಹೋದವನು ತಿರುಗಿ ಬರಲಿಲ್ಲ.

ಅಷ್ಟರಲ್ಲಿ ನಮ್ಮ ಹಳೆಯ ಗಿರಾಕಿ ಬಂದರು. ಮಂಗಳೂರು ಕಡೆಯವರು, ಹತ್ತಿರದಲ್ಲೇ ಹೋಟೆಲು. ಹೊಸ ದೋಸೆ ಕಾವಲಿಗೆ ಗಟ್ಟಿಮುಟ್ಟಾದ ಸ್ಟ್ಯಾಂಡು ಬೇಕಿತ್ತು ಅವರಿಗೆ. ವಿಷಯ ಕೇಳಿ ಒಳಗೆ ಬಂದು ಬಂದ್ ಬಿದ್ದಿದ್ದ ಮಷೀನು ನೋಡಿದರು. ಆಮೇಲೆ, "ನಂಗೆ ಅವಸರ ಇಲ್ಲ ಮಾರಾಯ್ರೆ. ಆದ್ರೆ ಬೇರೆ ಕಡೆ ಹೋಗುದಿಲ್ಲ ನಾನು. ಯಾವಾಗ ಆಗ್ತದೆ ಆಗ ಮಾಡಿ ಕೊಡಿ," ಎಂದು ಹೊರಟುಹೋದರು.

ಆ ಸಂಜೆ ನಾನು ಇವರ ಮುಂದೆ ಹೋಗಿ ನಿಂತೆ. "ನನಗ ಕಲಿಸ್ರಿ," ಎಂದೆ.

"ಏನ ಕಲಿಸ್ಲಿ?"

"ವೆಲ್ಡಿಂಗ್. ನೀವು ಬಾಗಲಾಗ ಕೂತು ಹೇಳ್ರಿ, ನಾ ಮಾಡ್ತೀನಿ."

ಇವರು ನಕ್ಕರು. ಆಸ್ಪತ್ರೆಯಿಂದ ಬಂದ ಮೇಲೆ ಅದೇ ಮೊದಲ ನಗು, ಆದರೆ ಅದು ನನಗೆ ಚುಚ್ಚಿತು. "ನಿಂಗೇನ ತಲಿ ಕೆಟ್ಟದೇನ? ಈ ವಯಸ್ಸಿನ್ಯಾಗ?" ಎಂದರು. ನಾನು ಜಾಗ ಬಿಟ್ಟು ಕದಲಲಿಲ್ಲ. ಕಡೆಗೆ, "ಮೊದಲ ಸೀರಿ ಬದಲಿ ಮಾಡು. ನನ್ನ ಹಳೇ ಪ್ಯಾಂಟ್ ಹಾಕ್ಕೊ. ನೈಲಾನ್ ಉಟ್ಕೊಂಡು ಕಿಡಿ ಮುಂದ ನಿಂದರಬ್ಯಾಡ," ಎಂದರು.

ಹೋಲ್ಡರಿಗೆ ಸಿಕ್ಕಿಸಿದ ಬೆಸುಗೆಯ ರಾಡು ಕಬ್ಬಿಣಕ್ಕೆ ಮುಟ್ಟಿಸಿದ ಕೂಡಲೇ ಅಂಟಿಕೊಳ್ಳುತ್ತಿತ್ತು. ಎಳೆದರೆ ಬರುತ್ತಿರಲಿಲ್ಲ. ಕಪ್ಪುಗಾಜಿನ ಮುಖವಾಡ ಹಾಕಿಕೊಂಡರೆ ಕಿಡಿ ಹೊತ್ತುವ ತನಕ ಲೋಕವೆಲ್ಲ ಕತ್ತಲು. ಹೊತ್ತಿದ ಮೇಲೆ ಎಲ್ಲಿ ಹಚ್ಚುತ್ತಿದ್ದೇನೆ ಎಂಬುದೇ ತಿಳಿಯದು. ಬಾಗಿಲಿನಿಂದ ಇವರು ಕೂಗುತ್ತಿದ್ದರು, "ಮುಟ್ಟಿಸಬ್ಯಾಡ, ಗೀಚು! ಕಡ್ಡಿ ಗೀರಿದಂಗ ಗೀಚು!" ಮಷೀನಿನ ಗುಂಯ್ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿರಲಿಲ್ಲ. ಒಂದು ಸಲ ಮುಖವಾಡ ಎತ್ತಿ "ಏನಂದ್ರಿ?" ಎನ್ನುವಾಗ ರಾಡು ತಾಗಿ ಕಿಡಿ ಹಾರಿತು. ಕಣ್ಣಿಗೆ ಉಸುಕು ತುಂಬಿದಂತಾಗಿ ಮರುದಿನವೆಲ್ಲ ಬಟಾಟೆ ಹೋಳು ಇಟ್ಟುಕೊಂಡು ಮಲಗಿದೆ. ಇವರು ಬಂದು ಹೋಳು ಬದಲಿಸಿ ಹೋಗುತ್ತಿದ್ದರು.

ಹೇಗೋ ದೋಸೆ ಕಾವಲಿಯ ಸ್ಟ್ಯಾಂಡಿಗೆ ನಾಲ್ಕು ಕಾಲು ಕತ್ತರಿಸಿಕೊಂಡು ಅದರ ಚೌಕಟ್ಟು ಬೆಸೆಯತೊಡಗಿದೆ. ಬೆಸೆದಂತೆಲ್ಲ ಅದು ಬಿಸಿಗೆ ಸೊಟ್ಟಗಾಗುತ್ತಿತ್ತು. ಮುರಿದು ಮತ್ತೆ ಹಚ್ಚಿದೆ. ಮತ್ತೆ ಸೊಟ್ಟ. ನನಗೆ ಅಳು ಬಂದುಬಿಟ್ಟಿತ್ತು. ಮುಖವಾಡದೊಳಗೆ ಅಳುವುದು ಬಹಳ ಕಷ್ಟ, ಗಾಜಿಗೆ ಆವಿ ಹಿಡಿಯುತ್ತದೆ. ಅದನ್ನು ತೆಗೆದು ಒರೆಸಿಕೊಳ್ಳುತ್ತಿದ್ದೆ. ಇವರು ಎದ್ದು ಒಳಗೆ ಬಂದದ್ದು ನನಗೆ ಕಾಣಲಿಲ್ಲ.

"ಅತ್ಲಾಗ ಸರಿ," ಎಂದರು. ನನ್ನ ಕೈಯಿಂದ ಹೋಲ್ಡರು ತೆಗೆದುಕೊಂಡರು.

"ಬ್ಯಾಡ್ರೀ! ಡಾಕ್ಟರ್ ಏನ ಹೇಳ್ಯಾರ?"

"ಬರೇ ಟ್ಯಾಕ್ ಹೊಡೀತೀನಿ. ಒಂದ್ ನಿಮಿಷದ ಕೆಲಸ. ನೀ ಸರೀ."

ಅವರಿಗೆ ಮೊದಲಿನಿಂದ ಒಂದು ರೂಢಿಯಿತ್ತು. ಕೇಬಲಿನ ಭಾರ ಕೈಗೆ ಬೀಳಬಾರದೆಂದು ಅದನ್ನು ಎಡಭುಜದ ಮೇಲೆ ಹಾಕಿಕೊಳ್ಳುತ್ತಿದ್ದರು. ಅವತ್ತೂ ಹಾಗೆಯೇ ಹಾಕಿಕೊಂಡರು, ಡಬ್ಬಿಯ ಮೇಲೆಯೇ. ಚೌಕಟ್ಟು ಕದಲದ ಹಾಗೆ ಟಕ್ ಎಂದು ಒಂದು ಬೊಟ್ಟು ಬೆಸುಗೆ ಹಚ್ಚಿದರು. ಟಕ್, ಟಕ್. ಎಷ್ಟು ಚೆಂದದ ಕೈ ಅದು. ಅಷ್ಟು ದಿನ ಸುಮ್ಮನಿದ್ದರೂ ನಡುಗಲಿಲ್ಲ. ನಾನು ಅವರ ಅಂಗಿ ಹಿಡಿದು ಎಳೆಯುತ್ತಲೇ ಇದ್ದೆ. ಮುಂದಿನ ಟಕ್ ಬರಲಿಲ್ಲ. ಅವರ ಮೊಣಕಾಲು ಮಡಚಿಕೊಂಡವು, ಮೈಯೆಲ್ಲ ನನ್ನ ಮೇಲೆ ವಾಲಿತು. ಹೋಲ್ಡರು ಕೆಳಗೆ ಬಿತ್ತು. ಅವರನ್ನು ಬಿಟ್ಟು ಹೋಗಿ ಮೇನ್ ಸ್ವಿಚ್ ಕೆಳಗೆಳೆದೆನೋ, ಅವರನ್ನು ಎಳೆದುಕೊಂಡೇ ಹೋದೆನೋ ನನಗೆ ನೆನಪಿಲ್ಲ. ಸ್ವಿಚ್ಚಿನ ಸದ್ದು ನೆನಪಿದೆ. ಆಮೇಲೆ ಅವರ ಮುಖಕ್ಕೆ ಬಣ್ಣ ತಿರುಗಿ ಬಂದದ್ದು ನೆನಪಿದೆ.

"ಏನಾತು?" ಎಂದರು.

ಆಸ್ಪತ್ರೆಯಲ್ಲಿ ಡಬ್ಬಿಯ ಮೇಲೆ ಒಂದು ಉಪಕರಣ ಇಟ್ಟು ಅದರೊಳಗೆ ದಾಖಲಾದದ್ದನ್ನು ತೆಗೆದರು. ಉದ್ದನೆಯ ಕಾಗದ ಹೊರಗೆ ಬಂತು. ಡಾಕ್ಟರು ಬೆರಳಿಟ್ಟು ತೋರಿಸಿದರು. ಒಂದು ಗೆರೆಯಲ್ಲಿ ಹುಲ್ಲು ಎದ್ದಂತೆ ಒತ್ತೊತ್ತಾಗಿ ಕಾಣುವುದು ವೆಲ್ಡಿಂಗಿನ ಗದ್ದಲ. ಅದರ ಕೆಳಗಿನ ಗೆರೆ ಸಪಾಟು. "ಇಷ್ಟು ಹೊತ್ತು ಕಾಕಾರ ಎದೆ ಬಡಿದಿಲ್ಲ," ಎಂದರು. "ಬಿಟ್ಟು ಬಿಟ್ಟು ಟ್ಯಾಕ್ ಹೊಡೆದರೆ ಇನ್ನೂ ಕೆಟ್ಟದ್ದು. ಅದು ಎದೆ ಬಡಿದ ಹಾಗೆಯೇ ಬರುತ್ತದೆ." ಹೋಲ್ಡರು ಕೈಯಿಂದ ಜಾರಿ ಕಿಡಿ ಆರಿದ್ದಕ್ಕೆ ಡಬ್ಬಿ ಮತ್ತೆ ಕೆಲಸ ಶುರು ಮಾಡಿತ್ತು.

ಇವರು ಆ ಸಪಾಟು ಗೆರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮರಾಠಿಯಲ್ಲಿ, ಮೆಲ್ಲಗೆ, "ಇದನ್ನು ತೆಗೆದುಬಿಡಿ," ಎಂದರು. ಡಾಕ್ಟರಿಗೆ ಮೊದಲು ಅರ್ಥವಾಗಲಿಲ್ಲ. ಇವರು ತಮ್ಮ ಎದೆಗೆ ಕೈಯಿಟ್ಟು ತೋರಿಸಿದರು. "ಇದನ್ನು. ಹೊಲಿದದ್ದನ್ನು ಬಿಚ್ಚಿ ತೆಗೆದುಬಿಡಿ. ಇದ್ದಷ್ಟು ದಿನ ಕೆಲಸ ಮಾಡಿಕೊಂಡು ಇರುತ್ತೇನೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಇವರ ಅಂಗಿಯ ಗುಂಡಿ ಹಾಕಿ ಮನೆಗೆ ಕರೆದುಕೊಂಡು ಬಂದೆ.

ಅಂದಿನಿಂದ ನಾನು ಮನೆ ಬಿಟ್ಟು ಎಲ್ಲಿಗೆ ಹೋದರೂ ಮೇನ್ ಬೋರ್ಡಿನ ಫ್ಯೂಜು ಕಿತ್ತು ಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಕಾಯಿಪಲ್ಯದ ಮಂಡಿಯಲ್ಲಿ ಮೆಂತ್ಯದ ಸಿವುಡು ಆರಿಸುವಾಗಲೂ ಒಂದು ಕೈ ಅದರ ಮೇಲಿರುತ್ತಿತ್ತು. ಹೀಗೇ ಒಂದು ದಿನ ತಿರುಗಿ ಬಂದರೆ ಇವರು ಮಷೀನಿನ ಮುಂದೆ ನೆಲದ ಮೇಲೆ ಕೂತಿದ್ದರು. ಸ್ವಿಚ್ಚು ಮೇಲಕ್ಕೆತ್ತಿ ಚಾಲು ಮಾಡಿದ್ದರು. ಫ್ಯೂಜು ಇಲ್ಲವಾದ್ದರಿಂದ ಮಷೀನು ಸತ್ತು ಬಿದ್ದಿತ್ತು.

ನನ್ನ ಕೈಯಿಂದ ಚೀಲ ಬಿತ್ತು. ನಾನು ಕಿರುಚಿದೆ. ಗಲ್ಲಿಗೆಲ್ಲ ಕೇಳಿಸಿರಬೇಕು. "ಸಾಯೂದಿದ್ರ ಹೇಳೇ ಸಾಯ್ರಿ! ನಾ ಕಾಯಿಪಲ್ಯ ತರಾಕ ಹೋದಾಗ ಕದ್ದು ಸಾಯಬ್ಯಾಡ್ರಿ!"

ಇವರು ತಲೆ ಎತ್ತಲಿಲ್ಲ. "ಎದಿ ಬಡಕೊಳ್ಳೂದು ಈಗ ನನ್ನದಲ್ಲ. ಆ ಡಬ್ಬೀದು. ಕೈ ಒಂದ ನಂದಿತ್ತು. ಅದೂ ಹೋದ್ರ ನಾ ಏನ ಉಳದೀನಿ ಹೇಳು," ಎಂದರು.

"ನನ್ನ ಗಂಡ ಉಳದೀರಿ."

"ಅದು ನಿನಗ. ನನಗ ಏನ ಉಳದೀನಿ?"

ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಚೀಲದ ಟೊಮ್ಯಾಟೊ ಶೆಡ್ಡಿನ ತುಂಬ ಉರುಳಿ ಹೋಗಿದ್ದವು. ಯಾರೂ ಎತ್ತಲಿಲ್ಲ.

ಮರುದಿನ ನಾನೊಬ್ಬಳೇ ಡಾಕ್ಟರ ಹತ್ತಿರ ಹೋದೆ. ಎಲ್ಲ ಹೇಳಿಕೊಂಡೆ. "ಅವರನ್ನು ಶೆಡ್ಡಿನಿಂದ ಪೂರ್ತಿ ಹೊರಗೆ ಹಾಕಿದರೆ ನಾನು ಅವರನ್ನು ಬೇರೆ ರೀತಿಯಲ್ಲಿ ಕಳೆದುಕೊಳ್ಳುತ್ತೇನೆ. ಒಳಗೆ ಅವರಿಗೆ ಒಂದು ಜಾಗ ಮಾಡಿ ಕೊಡಿ. ಬೆಸೆಯುವುದು ಬೇಡ. ಎಲ್ಲಿ ನಿಂತರೆ ಅವರ ಜೀವಕ್ಕೆ ಅಪಾಯವಿಲ್ಲ, ಅಷ್ಟು ಹೇಳಿ," ಎಂದೆ. ಡಾಕ್ಟರು ಯೋಚನೆ ಮಾಡಿ, "ಊಹೆಯಿಂದ ಹೇಳಲಾರೆ. ಅಲ್ಲೇ ಬಂದು ನೋಡಬೇಕು," ಎಂದರು.

ಒಂದು ರವಿವಾರ ಅವರೇ ಬಂದರು. ಜೊತೆಗೆ ಡಬ್ಬಿ ಪರೀಕ್ಷೆ ಮಾಡುವ ತಂತ್ರಜ್ಞೆ ಒಬ್ಬಳು. ಲ್ಯಾಪ್‌ಟಾಪಿನಂಥ ಒಂದು ಪೆಟ್ಟಿಗೆಯನ್ನು ನಮ್ಮ ಸ್ಟೂಲಿನ ಮೇಲಿಟ್ಟು, ಇವರ ಎದೆಗೆ ವೈರು ಅಂಟಿಸಿದಳು. ಪರದೆಯ ಮೇಲೆ ಇವರ ಬಡಿತ ಒಂದೊಂದಾಗಿ ಸಾಗಿತು. ಡಾಕ್ಟರು ಮೊದಲು ಶೆಡ್ಡನ್ನೇ ನೋಡಿದರು. ಮಷೀನು ಬಾಗಿಲ ಹತ್ತಿರವಿತ್ತು. ಹೋಲ್ಡರಿನ ಕೇಬಲು ಒಂದು ಕಡೆಯಿಂದ, ಕರೆಂಟು ತಿರುಗಿ ಹೋಗುವ ಅರ್ಥಿಂಗಿನ ಕೇಬಲು ಇನ್ನೊಂದು ಕಡೆಯಿಂದ ಶೆಡ್ಡನ್ನೆಲ್ಲ ಸುತ್ತಿ ಬರುತ್ತಿದ್ದವು. ನಡುವೆ ನಿಂತವನು ಆ ಸುತ್ತಿನೊಳಗೇ ನಿಂತ ಹಾಗೆ. ಅದು ಹಾಗಿರಬಾರದು, ಎರಡನ್ನೂ ಜೋಡಿಸಿ ಒಟ್ಟಿಗೆ ಒಯ್ಯಬೇಕು, ಒಂದರ ಪ್ರಭಾವವನ್ನು ಇನ್ನೊಂದು ಬಹುಮಟ್ಟಿಗೆ ಕಡಿಮೆ ಮಾಡುತ್ತದೆ ಎಂದರು. ಮಷೀನನ್ನು ಒಳಗಿನ ಮೂಲೆಗೆ ತಳ್ಳಿದೆವು. ಕೇಬಲುಗಳನ್ನು ಜೋಡಿಸಿ ಟೇಪು ಸುತ್ತಿದೆವು. ಮೇಜಿನ ಕಾಲಿಗೆ ಕಚ್ಚಿಸುತ್ತಿದ್ದ ಅರ್ಥಿಂಗ್ ಕ್ಲ್ಯಾಂಪನ್ನು ಬೆಸೆಯುವ ಜಾಗದ ಪಕ್ಕಕ್ಕೇ ತಂದು ಕಚ್ಚಿಸಿದೆ. ಇವರು ದೂರದಿಂದ, "ತುಕ್ಕು ತಿಕ್ಕಿ ಹಚ್ಚು, ಇಲ್ಲಾಂದ್ರ ಸರಿ ಹಿಡಿಯಂಗಿಲ್ಲ," ಎಂದರು. ಬಹಳ ದಿನದ ಮೇಲೆ ಅವರು ಕೆಲಸದ ಮಾತಾಡಿದ್ದು ಅದು.

ಆಮೇಲೆ ಡಾಕ್ಟರು ನನಗೆ ಹೇಳಿದರು, "ತಾಯಿ, ಈಗ ವೆಲ್ಡಿಂಗ್ ಶುರು ಮಾಡಿ. ಕಾಕಾ ಗೋಡೆಯ ಹತ್ತಿರದಿಂದ ಸ್ವಲ್ಪ ಸ್ವಲ್ಪವೇ ಮುಂದೆ ಬರಲಿ. ಗೆರೆಯಲ್ಲಿ ಗದ್ದಲ ಕಂಡ ಕೂಡಲೇ ನಾನು ನಿಲ್ಲಿಸಿ ಅನ್ನುತ್ತೇನೆ, ಆಗ ರಾಡು ಎತ್ತಿಬಿಡಿ."

ಆಗಲೇ ನನಗೆ ತಿಳಿದದ್ದು, ಇದನ್ನು ನಾನೇ ಮಾಡಬೇಕು ಎಂದು. ಅವರ ಎದೆ ನಿಲ್ಲಿಸಿದ ಅದೇ ಕಿಡಿಯನ್ನು, ಅವರು ನೋಡುತ್ತಿರುವಾಗಲೇ, ನನ್ನ ಕೈಯಿಂದ ಹೊತ್ತಿಸಬೇಕು. ರಾಡು ಹಿಡಿದ ಕೈ ಮೇಲೇಳಲಿಲ್ಲ. ಡಾಕ್ಟರು ಕಾದರು. ತಂತ್ರಜ್ಞೆ ಕಾದಳು. ಮನಸ್ಸಿನಲ್ಲಿ ಜೇಜುರಿಯ ಖಂಡೋಬನನ್ನು ಕರೆದೆ, ನಮ್ಮ ಮನೆದೇವರು ಮೈಲಾರನೂ ಅವನೇ. ಕೈ ಆಗಲೂ ಏಳಲಿಲ್ಲ.

"ನನ್ನಿಂದ ಆಗೂದಿಲ್ರೀ," ಎಂದೆ.

ಗೋಡೆಗೆ ಆತು ನಿಂತಿದ್ದ ಇವರು ಹೇಳಿದರು, "ಗೀಚು. ನಾ ಇಲ್ಲೇ ಅದೀನಿ. ಗೀಚು."

ಮುಖವಾಡ ಇಳಿಸಿ ಗೀಚಿದೆ. ಕಿಡಿ ಹೊತ್ತಿತು. ಕಪ್ಪುಗಾಜಿನಾಚೆ ಹಸಿರು ಬೆಳಕಿನ ಒಂದು ಚುಕ್ಕೆ ಬಿಟ್ಟರೆ ನನಗೆ ಏನೂ ಕಾಣುತ್ತಿರಲಿಲ್ಲ. ಅವರು ನಿಂತಿದ್ದಾರೋ ಬಿದ್ದಿದ್ದಾರೋ ತಿಳಿಯುವ ಹಾಗಿರಲಿಲ್ಲ. ಕಿವಿಯೆಲ್ಲ ಡಾಕ್ಟರ ದನಿಯ ಕಡೆಗಿತ್ತು. "ಸರಿ ಇದೆ… ಸರಿ ಇದೆ… ಕಾಕಾ, ಒಂದು ಹೆಜ್ಜೆ… ಸರಿ ಇದೆ…" ನನ್ನ ಬೆಸುಗೆ ಹುಳದ ಹಾಗೆ ಅಂಕುಡೊಂಕಾಗಿ ಹೋಗುತ್ತಿತ್ತು. "ಇನ್ನೊಂದು ಹೆಜ್ಜೆ…"

"ನಿಲ್ಲಿಸಿ!"

ರಾಡು ಕಿತ್ತು ಮುಖವಾಡ ಎಸೆದು ತಿರುಗಿದೆ. ಇವರು ನಿಂತೇ ಇದ್ದರು. ಪರದೆಯಲ್ಲಿ ಆಗಷ್ಟೇ ಹುಲ್ಲಿನಂಥ ಗದ್ದಲ ಏಳತೊಡಗಿತ್ತು, ಬಡಿತ ಮಾತ್ರ ತಪ್ಪಿರಲಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ತಂತ್ರಜ್ಞೆ ನೀರು ತಂದು ಕೊಟ್ಟಳು.

ಮತ್ತೆ ಮತ್ತೆ ಮಾಡಿಸಿದರು. ಟ್ಯಾಕ್ ಹೊಡೆಸಿದರು, ಕರೆಂಟು ಹೆಚ್ಚು ಮಾಡಿಸಿ ನೋಡಿದರು, ಅವರನ್ನು ಬೇರೆ ಬೇರೆ ಕಡೆ ನಿಲ್ಲಿಸಿ ನೋಡಿದರು. ಕೊನೆಗೆ ಡಾಕ್ಟರು ಗೆರೆಯಲ್ಲಿ ಏನೂ ಕಾಣದ ಜಾಗಕ್ಕಿಂತಲೂ ಇನ್ನಷ್ಟು ಹಿಂದೆ, ಬಾಗಿಲ ಕಡೆಯ ಅರ್ಧವನ್ನು ಅವರಿಗೆ ಬಿಟ್ಟುಕೊಟ್ಟರು. ಅಲ್ಲಿ ಅವರು ಅಳತೆ ಹಾಕಬಹುದು, ಗುರುತು ಮಾಡಬಹುದು, ಗರಗಸದಲ್ಲಿ ಕೊಯ್ಯಬಹುದು, ಮೂಲೆಮಟ್ಟ ಇಟ್ಟು ಚೌಕಟ್ಟು ಜೋಡಿಸಬಹುದು. ಕಿಡಿ ಹೊತ್ತಿದಾಗ ಅದರ ಹತ್ತಿರ ಬರುವ ಹಾಗಿಲ್ಲ. ತಲೆ ತಿರುಗಿದರೆ ಮೊದಲು ಮಾಡಬೇಕಾದದ್ದು ಕಿಡಿಯಿಂದ ದೂರ ಹೋಗುವುದು.

"ಮತ್ತೆ ಕೈಯಲ್ಲಿ ಹೋಲ್ಡರು?" ಎಂದು ಇವರು ಕೇಳಿದರು. ಅಷ್ಟೆಲ್ಲ ಆದ ಮೇಲೂ ಕೇಳಿದರು.

"ಇಲ್ಲ ಕಾಕಾ," ಎಂದರು ಡಾಕ್ಟರು. "ಅದು ಇಲ್ಲ."

ದೋಸೆ ಕಾವಲಿಯ ಸ್ಟ್ಯಾಂಡು ಮುಗಿಯಿತು. ಇವರು ಕತ್ತರಿಸಿ, ತಂತಿಯಿಂದ ಕಟ್ಟಿ ನಿಲ್ಲಿಸಿಕೊಟ್ಟು ಹಿಂದೆ ಸರಿಯುತ್ತಿದ್ದರು. ನಾನು ಬೆಸೆಯುತ್ತಿದ್ದೆ. ಮಷೀನು ಬಂದ್ ಮಾಡಿದ ಮೇಲೆ ಬಂದು ಬೆಸುಗೆಯ ಮೇಲಿನ ಕಿಟ್ಟ ಉದುರಿಸಿ ನೋಡುತ್ತಿದ್ದರು. ಬಹಳ ಸಲ ಗ್ರೈಂಡರಿನ ಕಡೆ ಕೈ ತೋರಿಸುತ್ತಿದ್ದರು, ಅಂದರೆ ಕೆರೆದು ಮತ್ತೆ ಹಚ್ಚಬೇಕು. ಹೋಟೆಲಿನವರು ಬಂದು ಸ್ಟ್ಯಾಂಡನ್ನು ಎರಡು ಕೈಯಿಂದ ಅಲುಗಾಡಿಸಿ, "ಎಂತ ಗಟ್ಟಿ ಉಂಟು ಮಾರಾಯ್ರೆ!" ಎಂದರು. ಇವರು, "ಬೆಸಗಿ ಇಕೀದು," ಎಂದಷ್ಟೇ ಹೇಳಿ ಒಳಗೆ ಹೋದರು. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಒಳಗೆ ಹೋಗಿ ನೋಡಿದರೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

ಎಲ್ಲ ಸರಿಹೋಯಿತು ಎಂದು ಹೇಳಲು ನನಗೆ ಬರುವುದಿಲ್ಲ. ಈಗಲೂ ಕೆಲವು ದಿನ ನಾನು ಮುಖವಾಡ ಕೈಗೆತ್ತಿಕೊಂಡ ಕೂಡಲೇ ಅವರು ಎದ್ದು ಗಲ್ಲಿಯ ತುದಿಯವರೆಗೆ ನಡೆದುಹೋಗುತ್ತಾರೆ. ಕಿಡಿ ಹೊತ್ತಿಸುವ ಮೊದಲು ಒಮ್ಮೆ ತಿರುಗಿ ಅವರು ಎಲ್ಲಿದ್ದಾರೆ ಎಂದು ನೋಡುವುದು ನನಗೂ ತಪ್ಪಿಲ್ಲ.

ಈ ಮಳೆಗಾಲದ ಮೊದಲು ಆ ಡಾಕ್ಟರು ಒಬ್ಬರನ್ನು ನಮ್ಮ ಶೆಡ್ಡಿಗೆ ಕಳಿಸಿದ್ದರು. ಕುರಕುಂಭದ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಪೈಪು ಬೆಸೆಯುವವರು, ಇಂಡಿ ಕಡೆಯ ಕನ್ನಡದವರು. ಡಬ್ಬಿ ಹಾಕಿಸಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಎಡಗೈಯನ್ನು ಇನ್ನೂ ಮೈಗೆ ಒತ್ತಿ ಹಿಡಿದುಕೊಂಡೇ ಇದ್ದರು. ಇವರು ಅವರನ್ನು ಬಾಗಿಲ ಕಡೆಯ ಅರ್ಧದಲ್ಲಿ ಕೂರಿಸಿ ಎಲ್ಲ ತೋರಿಸಿದರು. ಕೇಬಲು ಹೇಗೆ ಜೋಡಿಸಿದೆ, ಕ್ಲ್ಯಾಂಪು ಎಲ್ಲಿ ಕಚ್ಚಿಸುತ್ತೇವೆ, ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು. ತಾವು ಬಿದ್ದದ್ದನ್ನೂ ಹೇಳಿದರು. ಅದನ್ನು ಅವರು ಬೇರೆ ಯಾರಿಗೂ ಹೇಳಿದ್ದು ನಾನು ಕೇಳಿರಲಿಲ್ಲ. ನಾನು ಚಹಾ ತಂದು ಕೊಟ್ಟೆ.

ಬಂದವರು ಚಹಾ ಕುಡಿಯಲಿಲ್ಲ. ಲೋಟ ಕೈಯಲ್ಲಿ ಹಿಡಿದುಕೊಂಡು, "ಒಂದ ಮಾತ ಕೇಳ್ಲೇನ್ರಿ ಅಣ್ಣಾರ? ದಿನಾ ಹೋದಂಗ ಕೆಲಸ ಬೇಡೂದು ಬಿಟ್ಟು ಕೈ ಸುಮ್ಮನಾಗ್ತಾವೇನ್ರಿ?" ಎಂದರು.

ಇವರು ತಮ್ಮ ಕೈ ನೋಡಿಕೊಂಡರು.

"ಇಲ್ರಿ," ಎಂದರು. "ಸುಮ್ಮನಾಗೂದಿಲ್ಲ. ಚಹಾ ಆರತದ, ಕುಡೀರಿ."